ಅಂಗಿಯೊಳಗಿನ ಅರ್ಧ ಕಿಲೋ

ಅಂಗನವಾಡಿಯಲ್ಲಿ ಅಂದು ಮಕ್ಕಳನ್ನು ತೂಗುವ ದಿನ. ಗಬ್ಬೂರಿನ ಸಾವಂತ್ರೆವ್ವ ಸುಡುವ ಬಿಸಿಲಿನಲ್ಲೂ ಒಂದೂವರೆ ವರ್ಷದ ಮಗ ರಾಜರತ್ನನಿಗೆ ಸ್ವೆಟರ್ ತೊಡಿಸಿ ತಂದಿದ್ದಳು.

"ಸಾವಂತ್ರಿ, ಕೂಸಿನ್ನ ಕುದಸಾಕತ್ತಿ ಏನ?" ನೆರೆಮನೆಯ ಮೌಲಾಬಿ ನಕ್ಕಳು.

"ಥಂಡಿ ಆಗೇತಿ ಅಕ್ಕಾ." ಸಾವಂತ್ರೆವ್ವ ನಗಲಿಲ್ಲ.

ಸ್ವೆಟರಿನೊಳಗೆ ಅರ್ಧ ಕಿಲೋದ ತೂಕದ ಕಲ್ಲಿತ್ತು. ಕಾಯಿಪಲ್ಲೆ ಮಾರುವ ಗಾಡಿಯನ್ನೂ ತಳ್ಳಿಕೊಂಡು ಅವಳನ್ನು ಬಿಟ್ಟುಹೋದ ಗಂಡ ಒಯ್ಯಲು ಮರೆತದ್ದು ಅದೊಂದೇ. "ತೂಕ ಏರದಿದ್ರ ದವಾಖಾನಿಗೆ ಸೇರಸೂದ" ಎಂದು ಅಂಗನವಾಡಿಯ ದಾಕ್ಷಾಯಿಣಿ ಟೀಚರ್ ಹೋದ ತಿಂಗಳೇ ಹೇಳಿದ್ದರು. ಅಲ್ಲಿ ಹದಿನಾಲ್ಕು ದಿನ ಇರಬೇಕು! ಅವಳು ಪಾತ್ರೆ ತಿಕ್ಕುವ ಗೋಕುಲ ರಸ್ತೆಯ ಮನೆಗಳವರು ಅಲ್ಲಿಯತನಕ ಮುಸುರೆ ಇಟ್ಟುಕೊಂಡು ಕಾಯುತ್ತಾರೆಯೇ? ಹಿರಿಯ ಮಗಳನ್ನು ಯಾರು ನೋಡುತ್ತಾರೆ? ಸಾಲದ್ದಕ್ಕೆ ನಲ್ಲಿಯ ಹತ್ತಿರ ಯಾರೋ ಅಂದಿದ್ದರು, ಸರ್ಕಾರದ ಅಕ್ಕಿ ತಿಂದೂ ಕೂಸು ಸೊರಗಿದರೆ ಅಕ್ಕಿ ಮಾರಿಕೊಂಡಳೆಂದು ರೇಷನ್ ಕಾರ್ಡನ್ನೇ ಕಿತ್ತುಕೊಳ್ಳುತ್ತಾರಂತೆ. ಕಾರ್ಡ್ ಹೋದರೆ ಅವಳ ಒಲೆ ಹೊತ್ತುವುದಿಲ್ಲ.

"ಸ್ವೆಟರ್ ತಗೀವಾ," ಎಂದರು ಟೀಚರ್.

"ಜ್ವರ ಬಂದಾವ್ರಿ ಅಕ್ಕೋರ, ಇರ್ಲಿ ಬಿಡ್ರಿ."

ತಕ್ಕಡಿಯ ಮುಳ್ಳು ಏರಿತು. "ಅಡ್ಡಿಯಿಲ್ಲ, ಹೆಚ್ಚಾಗ್ಯಾನ! ದವಾಖಾನಿ ಬ್ಯಾಡ ಹಂಗಾರ," ಎಂದರು ಟೀಚರ್. ಸಾವಂತ್ರೆವ್ವ ಗಡಬಡಿಸಿ ಕೂಸನ್ನು ಎತ್ತಿಕೊಂಡಳು.

ಮೌಲಾಬಿ ಮಾತ್ರ ಮುಳ್ಳು ನೋಡಲಿಲ್ಲ, ಕೂಸನ್ನು ನೋಡಿದಳು. "ಅಲ್ಲವಾ, ತಕ್ಕಡ್ಯಾಗ ಹಾಕಿದ್ರ ಎಲ್ಲಾ ಕೂಸೂ ಹೊಯ್ಕೊಂತಾವ. ಇವ ಯಾಕ ಪಿಟ್ಟ್ ಅನ್ನವಲ್ಲ? ನಮ್ಮ ಸಣ್ಣ ಮಗ ಅಕೀಬನೂ ಹಿಂಗ ಅಳೂದ ಬಿಟ್ಟಿದ್ದ."

ಮಗ ಅತ್ತು ಮೂರು ದಿನವಾಗಿತ್ತು. ಶಾಣ್ಯಾ ಆಗ್ಯಾನ ಎಂದು ಸಾವಂತ್ರೆವ್ವ ಹಿಗ್ಗಿದ್ದಳು. ಅವಳ ಕೈ ತಾನಾಗಿ ಸ್ವೆಟರಿನೊಳಗೆ ಹೋಯಿತು. ಕಲ್ಲು ನೆಲಕ್ಕೆ ದಪ್ಪೆಂದು ಬಿತ್ತು.

"ಬೇಕಾದಷ್ಟು ಬೈರಿ ಅಕ್ಕೋರ. ಕಾರ್ಡ ಮಾತ್ರ ಕಸಗೋಬ್ಯಾಡ್ರಿ."

"ಕೂಸು ಸೊರಗಿದ್ದಕ್ಕ ಯಾರೂ ಕಾರ್ಡ ಕಸಗೊಳ್ಳೂದಿಲ್ಲವಾ!" ಟೀಚರ್ ಸ್ವೆಟರ್ ಕಳಚಿ, ಕಡ್ಡಿಯಂಥ ತೋಳಿಗೆ ಅಳತೆಪಟ್ಟಿ ಸುತ್ತಿದರು. ಪಟ್ಟಿ ಕೆಂಪು ತೋರಿಸಿತು, ತೀರಾ ಸೊರಗಿದ ಗುರುತು. "ಇನ್ನ ತಡಾ ಮಾಡಿದ್ರ ಕೂಸು ಕೈಗೆ ಹತ್ತೂದಿಲ್ಲ. ಈಗಿಂದೀಗ ನಡಿ."

"ನನ್ನ ಮಗಳು... ನನ್ನ ಕೆಲಸ..."

"ಅಕೀಬನ್ನ ಕರಕೊಂಡು ನಾನೂ ಹೋಗಿ ಬಂದೇನಿ," ಎಂದಳು ಮೌಲಾಬಿ. "ಔಷಧ, ಹಾಲು, ತಾಯಿ ಊಟ ಎಲ್ಲಾ ಪುಕ್ಕಟ. ಕೂಲಿ ಹೋದದ್ದಕ್ಕ ರೊಕ್ಕಾನೂ ಕೊಟ್ರು. ನಿನ್ನ ಮಗಳು ನಮ್ಮನ್ಯಾಗ ಉಂಡು ಸಾಲಿಗೆ ಹೋಗ್ತಾಳ. ನಿನ್ನ ಮುಸುರಿ ನಾ ತಿಕ್ಕತೇನಿ. ನಿನಕಿಂತ ಛಂದ ತಿಕ್ಕಿದ್ನಿ ಅಂತ ಅವರು ನನ್ನ ಬಿಡದಿದ್ರ, ಬೈಬ್ಯಾಡ ಮತ್ತ!"

ಒಂಬತ್ತನೆಯ ದಿನ ದವಾಖಾನೆಯ ನರ್ಸಮ್ಮ ತಕ್ಕಡಿಯಲ್ಲಿ ಇಟ್ಟಾಗ ರಾಜರತ್ನ ವಾರ್ಡೇ ಹಾರಿಹೋಗುವಂತೆ ಅತ್ತ.

"ಅಳಲಿ ಬಿಡ್ರಿ," ಎಂದು ಸಾವಂತ್ರೆವ್ವ ನಕ್ಕಳು.

ತಾಯಂದಿರೇ, ತೂಕದ ದಿನ ಮಗುವಿನ ಬಟ್ಟೆ ಕಳಚಿಯೇ ತೂಗಿಸಿ. ತೋಳಿನ ಪಟ್ಟಿ ಕೆಂಪು ತೋರಿಸಿದರೆ, ಮಗು ಉಣ್ಣದೆ ಅಳದೆ ಮಂಕಾದರೆ, ಅಂದೇ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ದವಾಖಾನೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಿರಿ. ನೆರೆಹೊರೆಯವರೇ, ಆ ತಾಯಿ ಮರಳುವವರೆಗೆ ಅವಳ ಉಳಿದ ಮಕ್ಕಳಿಗೆ ನಿಮ್ಮ ಮನೆಯಲ್ಲೊಂದು ತಾಟು ಹೆಚ್ಚು ಇಡಿ.