ಗೋಲ್‌ಕೀಪರ್ ಹೆಸರು ಬದಲಿಸಿಕೊಂಡ ವಾರ

ತೊಂಗ್‌ಬಾಯ್ ಅಣ್ಣನ ಮೊಣಕಾಲು ಮೂರನೇ ಸಲ ಕೈಕೊಟ್ಟಾಗ ಅವನಿಗೆ ಇಪ್ಪತ್ತೇಳು. ರಾಷ್ಟ್ರೀಯ ಫುಟ್‌ಬಾಲ್ ಶಿಬಿರಕ್ಕೆ ಕರೆ ಬಂದು ಹತ್ತು ದಿನವೂ ಆಗಿರಲಿಲ್ಲ. ಆಸ್ಪತ್ರೆಗೆ ಬಂದ ಅವನ ಅಮ್ಮ, ಬೌದ್ಧ ಭಿಕ್ಕು ಬರೆದುಕೊಟ್ಟ ಹೊಸ ಹೆಸರುಗಳ ಪಟ್ಟಿಯನ್ನು ಹಾಸಿಗೆಯ ಮೇಲೆ ಹರಡಿದರು.

“ಒಂದು ಆರಿಸ್ಕೋ ಮಗನೇ. ಈ ಹೆಸರು ನಿನಗೆ ಆಗಿಬರ್ತಿಲ್ಲ.”

“ಹಾಳಾಗಿರೋದು ಕಾಲು ಕಣಮ್ಮಾ, ಹೆಸರಲ್ಲ,” ಅಂದ.

ಆಟ ಅಲ್ಲಿಗೇ ಮುಗಿಯಿತು. ಆಮೇಲೆ ಏಳು ವರ್ಷದಲ್ಲಿ ನಾಲ್ಕು ತಂಡಗಳಿಗೆ ಕೋಚ್ ಆದ. ಅವನ ಜೊತೆ ಆಡಿದ್ದ ನಾನು ಸಹಾಯಕನಾಗಿ ಹಿಂದೆಯೇ ಅಲೆದೆ. ಒಂದು ತಂಡದ ಅಧ್ಯಕ್ಷರು ತಮ್ಮ ಹೆಂಡತಿಗೆ ಬಿದ್ದ ಕನಸಿನ ಮೇಲೆ ನಮ್ಮನ್ನು ತೆಗೆದರು. ಇನ್ನೊಂದು ತಂಡ ಮಳೆಗಾಲದ ನಡುವೆಯೇ ಬಾಗಿಲು ಹಾಕಿತು. ನಾಲ್ಕನೆಯದು ಉತ್ತರದಿತ್ ಪಟ್ಟಣದಲ್ಲಿ, ಐಸ್ ಫ್ಯಾಕ್ಟರಿಯ ಯಜಮಾನ ವಿಸಿತ್ ಅವರ ತಂಡ. ಕೊನೆಯ ಪಂದ್ಯ ಗೆದ್ದರೆ ಮೇಲಿನ ದರ್ಜೆಗೆ ಏರುತ್ತಿದ್ದೆವು.

ಶನಿವಾರ, ಆ ಪಂದ್ಯಕ್ಕೆ ಎರಡು ಗಂಟೆ ಇರುವಾಗ, ಪಂದ್ಯದ ಅಧಿಕಾರಿ ನಮ್ಮ ಕೋಣೆಗೆ ಬಂದರು.

“ಪಟ್ಟಿಯಲ್ಲಿ ಗೋಲ್‌ಕೀಪರ್ ಕಮ್‌ಪನ್ ಅಂತಿದೆ. ಗುರುತಿನ ಚೀಟೀಲಿ ಬೇರೇನೋ ಇದೆಯಲ್ಲ?”

ತೊಂಗ್‌ಬಾಯ್ ಅಣ್ಣ ಚೀಟಿ ಇಸಿದುಕೊಂಡು ಓದಿದ. ಪಚ್ಚರದನಯ್. ಅರ್ಥ, ವಜ್ರದ ಮಗ! ಕೀಪರ್ ಕಡೆ ತಿರುಗಿದ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಅಡ್ಡಹೆಸರಿನಿಂದ, ಕುಂಗ್ ಎಂದು, ಅಂದರೆ ಸೀಗಡಿ.

“ಏನೋ ಇದು?”

“ನಿನ್ನೆ ತಾಲೂಕು ಕಚೇರಿಗೆ ಹೋಗಿ ಬದಲಾಯಿಸಿಕೊಂಡೆ ಕೋಚ್. ಇವತ್ತು ಗೆಲ್ಲಲಿ ಅಂತ.”

“ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಗೆದ್ದ ಮೇಲೆ ಹೇಳೋಣ ಅಂತಿದ್ದೆ.”

ಎರಡನೇ ಕೀಪರ್ ಬುಧವಾರವಷ್ಟೇ ಬೆರಳು ಮುರಿದುಕೊಂಡಿದ್ದ. ತೊಂಗ್‌ಬಾಯ್ ಅಣ್ಣ ಹಣೆ ಒತ್ತಿಕೊಂಡ. “ಸರಿ. ಹೆಸರು ಬದಲಾಗಿದೆ ಅಂತ ಕಚೇರಿಯವರು ಒಂದು ಪತ್ರ ಕೊಟ್ಟಿರ್ತಾರಲ್ಲ, ಅದೆಲ್ಲಿ?”

“ಊರಲ್ಲಿ. ಅಜ್ಜಿ ಬುದ್ಧನ ಪೀಠದ ಮೇಲೆ ಇಟ್ಟಿದ್ದಾರೆ. ಮೂರು ದಿನ ಯಾರೂ ಮುಟ್ಟಬಾರ್ದಂತೆ.”

ಅಜ್ಜಿಗೆ ಫೋನ್ ಹೋಯಿತು. ಅವರಿಗೆ ಕಿವಿ ಮಂದ. ತೊಂಗ್‌ಬಾಯ್ ಅಣ್ಣ ಕಿರುಚಿ ಕಿರುಚಿ ಹೇಳಿದ. ಅಜ್ಜಿ ಶಾಂತವಾಗಿ ಕೇಳಿದರು, “ನೀನು ಊಟ ಮಾಡಿದ್ಯಾ ಮಗಾ?” ಅರ್ಧ ಗಂಟೆಯಾದ ಮೇಲೆ ಪಕ್ಕದ ಮನೆಯವರ ಫೋನಿನಿಂದ ಪತ್ರದ ಚಿತ್ರವೊಂದು ಬಂತು. ಮುಕ್ಕಾಲು ಪಾಲು ಅಜ್ಜಿಯ ಹೆಬ್ಬೆರಳು, ಉಳಿದದ್ದು ಊದುಬತ್ತಿಯ ಹೊಗೆ. ಅಧಿಕಾರಿ ಕನ್ನಡಕ ಏರಿಸಿ ನೋಡಿ, ಮೂಲ ಪತ್ರವೇ ಬೇಕೆಂದು ಕೈಮುಗಿದು ಹೊರಟರು. ಊರು ಮೂರು ಗಂಟೆಯ ದಾರಿ.

ಕೊನೆಗೆ ಲೆಫ್ಟ್ ಬ್ಯಾಕ್ ಆಡುವ ಮಾನೋಪ್‌ಗೆ ಗ್ಲೌಸ್ ತೊಡಿಸಿ ಗೋಲಿನಲ್ಲಿ ನಿಲ್ಲಿಸಿದೆವು. ಪಾಪ, ಅವನು ಐದು ಚೆಂಡು ತಡೆದ. ಆರನೆಯದು ಅವನ ಕಾಲ ಸಂದಿಯಿಂದಲೇ ತೂರಿತು. ಸೋತೆವು.

ಪಂದ್ಯ ಮುಗಿದ ಮೇಲೆ ವಿಸಿತ್ ಯಜಮಾನರು ಬಂದು, “ತೊಂಗ್‌ಬಾಯ್, ನಮ್ಮ ಜ್ಯೋತಿಷಿಯವರು ಆಗಲೇ ಹೇಳಿದ್ರು. ಈ ತಂಡಕ್ಕೆ ನಿನ್ನ ಹೆಸರೇ ಕೇಡು. ಬದಲಾಯಿಸ್ಕೋ. ಮುಂದಿನ ಸೀಸನ್ನೂ ನೀನೇ ಇರು,” ಅಂದರು.

“ಯಜಮಾನರೇ, ನಾವು ಇವತ್ತು ಸೋತಿದ್ದೇ ಒಬ್ಬ ಹೆಸರು ಬದಲಾಯಿಸಿದ್ದಕ್ಕೆ!”

“ಅವನು ಬದಲಾಯಿಸಿದ ವಾರ ತಪ್ಪು.”

ತೊಂಗ್‌ಬಾಯ್ ಅಣ್ಣ ನನ್ನ ಮುಖ ನೋಡಿದ. ನಗಬೇಕೋ ಅಳಬೇಕೋ ನನಗೂ ತಿಳಿಯಲಿಲ್ಲ. ಅವನು ಕುತ್ತಿಗೆಯಲ್ಲಿದ್ದ ಸೀಟಿ ತೆಗೆದು ಯಜಮಾನರ ಕೈಗಿಟ್ಟು, “ಇದಕ್ಕೆ ಯಾವ ಹೆಸರು ಬೇಕಾದ್ರೂ ಇಟ್ಕೊಳ್ಳಿ,” ಎಂದು ನಡೆದುಬಿಟ್ಟ.

ಸೋಮವಾರ ಬೆಳಿಗ್ಗೆ ನಾವು ಸಾಮಾನು ಕಟ್ಟುತ್ತಿದ್ದಾಗ ಕುಂಗ್ ಬೈಕಿನಿಂದ ಇಳಿದು ಬಂದ. ಒಂದು ಕೈಯಲ್ಲಿ ಆ ಪತ್ರ, ಇನ್ನೊಂದರಲ್ಲಿ ಅಜ್ಜಿ ಕಳಿಸಿದ ಅಂಟು ಅಕ್ಕಿಯ ಅನ್ನದ ಬುಟ್ಟಿ. ನೆಲಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

“ಈಗ ತಂದಿದ್ದೀಯಲ್ಲೋ, ನಿನ್ನ ತಲೆ!” ತೊಂಗ್‌ಬಾಯ್ ಅಣ್ಣ ಬುಟ್ಟಿ ಇಸಿದುಕೊಂಡ, ಪತ್ರ ಮುಟ್ಟಲಿಲ್ಲ. ಎರಡು ತುತ್ತು ತಿಂದ. ಆಮೇಲೆ ಕೇಳಿದ, “ಗ್ಲೌಸ್ ತಂದಿದ್ದೀಯಾ?”

ಮನೆ ಹಿಂದಿನ ಬಯಲಿನಲ್ಲಿ ಒಂದು ಗಂಟೆ ಅವನನ್ನು ಎಡಕ್ಕೂ ಬಲಕ್ಕೂ ಹಾರಿಸಿದ. ಆ ಕೆಟ್ಟ ಕಾಲಿನಿಂದಲೇ ಚೆಂಡು ಒದೆಯುತ್ತ, ಒದ್ದಾಗಲೆಲ್ಲ ನೋವಿಗೆ ಹಲ್ಲು ಕಚ್ಚುತ್ತ, ಬೈಯುತ್ತಲೇ ಇದ್ದ. ಬಸ್ಸು ಹೊರಟುಹೋಗುತ್ತೆ ಎಂದು ನಾನು ಎರಡು ಸಲ ಕೂಗಿದೆ.

“ಹೋಗ್ಲಿ ಬಿಡೋ! ಇವನು ಹಾರುವಾಗ ಇನ್ನೂ ಮೊಣಕೈ ಮಡಚ್ತಾನೆ ನೋಡು!” ಅಂದ.