ಕೈಗೆ ಸಿಕ್ಕ ಗೋಡೆ

ನಾನು ಮಾರಾಟಕ್ಕಿಲ್ಲದ ಒಂದು ಟೈಲ್. ಅಂಗಡಿಯವರ ಮಾತಿನಲ್ಲಿ ಸ್ಯಾಂಪಲ್. ನನ್ನ ಜೊತೆ ಹುಟ್ಟಿದವರು ಪೆಟ್ಟಿಗೆಗಳಲ್ಲಿ ಕೂತು ಯಾರದೋ ಗೋಡೆ ಸೇರಲು ಹೊರಟರು. ನನ್ನ ಪಾಲಿಗೆ ಬಂದದ್ದು ಜನರ ಕೈಯಿಂದ ಕೈಗೆ ದಾಟುವ ಕೆಲಸ.

ಹುಟ್ಟಿದ್ದು ಗುಜರಾತಿನ ಮೋರ್ಬಿಯಲ್ಲಿ. ಮಣ್ಣನ್ನು ನುಣ್ಣಗೆ ಅರೆದು ಅಚ್ಚಿನಲ್ಲಿ ಒತ್ತಿದಾಗ ನನ್ನ ಮೈಮೇಲೆ ಬೆರಳಗಲದ ಉಬ್ಬುತಗ್ಗಿನ ಗೆರೆಗಳು ಎದ್ದವು. ಮೇಲೆ ಕಡುಹಸಿರು ಬಣ್ಣ ಸುರಿದು ಬೆಂಕಿಯ ಗವಿಯೊಳಗೆ ಕಳಿಸಿದರು. ಆಚೆ ಬಂದಾಗ ಗಟ್ಟಿಯಾಗಿದ್ದೆ, ಆದರೆ ಹೊಳಪಿರಲಿಲ್ಲ. ಅಲ್ಲಿದ್ದ ಹೆಂಗಸೊಬ್ಬಳು ನನ್ನನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, "ಬಾಥರೂಮ್" ಎಂದು ಒಂದು ಕಡೆ ಇಟ್ಟಳು. ಬಾಥರೂಮ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಗೆ ಬರುವವರೆಗೂ ಲಾರಿಯಲ್ಲಿ ಅದನ್ನೇ ಯೋಚಿಸಿದೆ.

ಹುಬ್ಬಳ್ಳಿಯ ಅಂಗಡಿಯಲ್ಲೂ ಉತ್ತರ ಸಿಗಲಿಲ್ಲ. ಗಿರಾಕಿಗಳು ಒಳಗೆ ಕಾಲಿಟ್ಟೊಡನೆ ಅವರ ಕಣ್ಣು ಓಡುತ್ತಿದ್ದದ್ದು ಬಿಳಿಯ, ಮುಖ ಕಾಣುವಂತೆ ಹೊಳೆಯುವ ಟೈಲ್‌ಗಳ ಕಡೆಗೆ. ನನ್ನ ಕಡೆ ನೋಡಿದವರು "ಭಾಳ ಕತ್ತಲಿ ಆತು" ಎಂದು ಮುಂದೆ ಸಾಗುತ್ತಿದ್ದರು. ನೀರಿಗಾಗಿ ಹುಟ್ಟಿದ ನಾನು ಒಂದು ಹನಿ ನೀರೂ ಕಾಣದೆ ಧೂಳು ಹಿಡಿದು ಕೂತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕತಂಗಿಯರಿಬ್ಬರು ಬಂದರು. ಅಕ್ಕ ದಾನಮ್ಮ, ತಂಗಿ ಕಸ್ತೂರಿ. ಇಬ್ಬರೂ ಸೇರಿ ಮನೆಯ ಮುಂಭಾಗದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಅವರ ಬಚ್ಚಲಿನ ಗೋಡೆ ನೀರು ಕುಡಿದು ಕುಡಿದು, ಅದರ ಆಚೆಯ ಹಿಟ್ಟಿನ ಕೋಣೆಗೆ ಹಸಿ ಹಬ್ಬಿತ್ತು. ಚೀಲದ ಹಿಟ್ಟಿಗೆ ಬೂಸಲು ಬಂದಿತ್ತು. ಗೋಡೆಗೆ ಏನಾದರೂ ಹೊದಿಸಲೇಬೇಕಿತ್ತು.

ಕಸ್ತೂರಿಗೆ ಬಿಳಿಯೇ ಬೇಕು. ಬೆಳಗಾವಿಯಲ್ಲಿ ಮದುವೆಗೆ ಹೋದಾಗ ಲಾಡ್ಜಿನ ಬಿಳಿ ಬಚ್ಚಲಿನಲ್ಲಿ ಶವರ್ ಕೆಳಗೆ ನಿಂತಿದ್ದಳಂತೆ. "ಮೋಡದಾಗ ನಿಂತಂಗ ಆಗಿತ್ತು ನೋಡ್ರಿ" ಎಂದು ಅಂಗಡಿಯವನಿಗೆ ಹೇಳಿದಳು. ಒಲೆ, ಹೊಗೆ, ಹಿಟ್ಟಿನ ನಡುವೆ ಬದುಕಿದವಳ ಆಸೆ ಅದು.

ದಾನಮ್ಮ ಮಾತ್ರ, "ಇರೋ ಬಚ್ಚಲಕ್ಕ ಏನಾಗೇತಿ? ಒಂದೀಟು ಸಿಮೆಂಟ್ ಹಚ್ಚಿದ್ರ ಸಾಕು" ಎನ್ನುತ್ತಲೇ ಕಪಾಟಿನ ಮೇಲೆ ಕೈಯಾಡಿಸುತ್ತಿದ್ದಳು. ಆ ಕೈ ನನ್ನ ಮೇಲೆ ಬಂದು ನಿಂತಿತು. ಬೆರಳುಗಳು ನನ್ನ ಗೆರೆಗಳನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಹಿಂಬಾಲಿಸಿದವು. ಆ ಅಂಗಡಿಯಲ್ಲಿ ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಈಕೆ ನನ್ನಲ್ಲಿ ಏನು ಹುಡುಕುತ್ತಿದ್ದಾಳೆ ಎಂದು ನನಗೆ ಕುತೂಹಲ ಹತ್ತಿತು.

"ಇದನ್ನೂ ಚೀಲದಾಗ ಹಾಕು" ಎಂದಳು.

ಹಾಗೆ ನಾನು ಬಿಳಿ ಟೈಲ್, ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡು ಮತ್ತು ಒಂದು ಪಿವಿಸಿ ಹಾಳೆಯ ಜೊತೆ ಅವರ ಮನೆಗೆ ಹೋದೆ. ಬಚ್ಚಲನ್ನು ನೋಡಿದೆ. ಬಾಥರೂಮ್ ಎಂದರೆ ಸುಣ್ಣ ಕಿತ್ತುಹೋದ, ಕತ್ತಲು ಕತ್ತಲಾದ, ಸೀಗೆಕಾಯಿ ವಾಸನೆಯ ಒಂದು ಸಣ್ಣ ಕೋಣೆ. ಇಷ್ಟಕ್ಕೇನಾ ಅಷ್ಟು ದೂರದಿಂದ ಬಂದದ್ದು!

ಕಸ್ತೂರಿ ನಮ್ಮನ್ನು ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಮಲಗಿಸಿ ಪರೀಕ್ಷೆಗೆ ಕೂತಳು. ಅರಿಶಿನ ಬಳಿದಳು, ಎಣ್ಣೆ ಹಚ್ಚಿದಳು, ಕುದಿಯುವ ನೀರು ಸುರಿದಳು. ಪಿವಿಸಿ ಹಾಳೆ ತಟ್ಟಿದರೆ ಖಾಲಿ ಡಬ್ಬಿಯಂತೆ ಸದ್ದು ಮಾಡಿತು. ಗ್ರಾನೈಟಿನ ಮೇಲೆ ಬೋರ್‌ವೆಲ್ ನೀರು ಒಣಗಿ ಬಿಳಿ ಕಲೆ ಬಿಟ್ಟಿತು. ನನ್ನ ಗೆರೆಗಳ ಸಂದಿಯಲ್ಲಿ ಅರಿಶಿನ ಉಳಿಯಿತು. ಬಿಳಿ ಟೈಲ್ ಒಂದೇ ಸಲ ಒರೆಸಿದ್ದಕ್ಕೆ ಫಳಫಳ.

"ನೋಡಿದ್ಯಾ ಅಕ್ಕಾ? ಬಿಳೀದ ಗೆದ್ದಿತು. ಕೈ ಎಲ್ಲಾ ಎಣ್ಣಿ ಆಗೇತಿ, ಆ ಸಾಬಾಣ ಕೊಡು."

ಬಿಳಿಯ ಸಾಬೂನು ಬಿಳಿ ಟೈಲಿನ ಮೇಲಿತ್ತು. ದಾನಮ್ಮನ ಕೈ ಅದರ ಪಕ್ಕಕ್ಕೆ ಬಿತ್ತು. ಅಲ್ಲಿಂದ ಆಚೆಗೆ, ಈಚೆಗೆ ಸವರಿತು.

"ಏ, ಕಣ್ಣ ಮುಂದ ಐತಲ್ಲ!" ಕಸ್ತೂರಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಸಾಬೂನನ್ನು ಎತ್ತಿ ನನ್ನ ಮೇಲಿಟ್ಟಳು. "ಈಗ ಕೊಡು." ದಾನಮ್ಮ ಥಟ್ಟನೆ ಎತ್ತಿಕೊಟ್ಟಳು. ಕಸ್ತೂರಿ ಅದನ್ನು ಮತ್ತೆ ಬಿಳಿಯ ಮೇಲಿಟ್ಟಳು. ಕೈ ಮತ್ತೆ ತಡಕಾಡಿತು. ತಡಕಾಟದ ರಭಸಕ್ಕೆ ನಾನು ಕಲ್ಲಿನಿಂದ ಜಾರಿ ನೆಲಕ್ಕೆ ಬಿದ್ದೆ. ನನ್ನ ಒಂದು ಮೂಲೆ ಹಾರಿಹೋಯಿತು. ಇಬ್ಬರೂ ನನ್ನತ್ತ ನೋಡಲಿಲ್ಲ.

"ಯಾವಾಗಿಂದ?" ಎಂದಳು ಕಸ್ತೂರಿ.

"ಏನು ಯಾವಾಗಿಂದ?"

"ಅಕ್ಕಾ."

ದಾನಮ್ಮ ಕಲ್ಲಿನ ಅಂಚಿಗೆ ಕೂತಳು. "ಹ್ವಾದ ಶ್ರಾವಣದಿಂದ. ಮಂಜು ಕವದಂಗ ಆಗತೈತಿ. ಬಿಳೀದರಾಗ ಬಿಳೀದು ಕಾಣಂಗಿಲ್ಲ. ಅದಕ್ಕ ಈ ಬಚ್ಚಲ ಒಡೀಬ್ಯಾಡ ಅಂದೆ. ಆ ಸುಣ್ಣ ಕಿತ್ತಿದ್ದು ಕೈಗೆ ಹತ್ತಿದ್ರ, ಬಾಜೂಕ ನಳ ಅಂತ ಗೊತ್ತಾಗತೈತಿ. ಹೊಸಾ ಗ್ವಾಡಿ ಆದ್ರ ನಾ ಎಲ್ಲಿ ಅಂತ ಹುಡುಕ್ಲಿ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನನ್ನ ಒಲಿ ಮುಂದಿಂದ ಎಬ್ಬಸ್ತಿದ್ದಿ. ಆಮ್ಯಾಲ ಜಳಕಾನೂ ನೀನ ಮಾಡಸ್ತಿದ್ದಿ, ಕೂಸಿಗೆ ಮಾಡಿಸಿದಂಗ."

ಕಸ್ತೂರಿ ಅಳಲಿಲ್ಲ, ಸಿಟ್ಟಿಗೆದ್ದಳು. "ನೀ ಎಂದರ ನೋಡಿ ರೊಟ್ಟಿ ಬಡದೀಯೇನು? ಊರ ಮಂದಿ ಜೋಡಿ ಮಾತಾಡಕೋತ ಬಡೀತಿ! ಬೆಂಕಿ ಕಡೆ ನಾ ಕುಂಡ್ರತೀನಿ. ಬಡಿಯೂದು ನೀನ. ಮೊದಲ ಡಾಕ್ಟರ್ ಕಡೆ ನಡಿ."

ವೈದ್ಯರು ಕಣ್ಣಿನ ನರ ಸೊರಗಿದೆ, ಹೋದ ನೋಟ ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದು ಹನಿ ಔಷಧಿ ಕೊಟ್ಟರಂತೆ. ಮನೆಗೆ ಬಂದ ಕಸ್ತೂರಿ ನೇರವಾಗಿ ಬಚ್ಚಲಿಗೆ ಬಂದಳು. ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ನಮ್ಮ ಮೇಲೆ ನೀರು ಸುರಿದು, ಒಬ್ಬೊಬ್ಬರನ್ನೇ ಸವರಿದಳು. ಬಿಳಿ ಟೈಲ್ ಬೆಣ್ಣೆಯಂತೆ ಜಾರಿತು. ಗ್ರಾನೈಟೂ ಅಷ್ಟೇ. ಪಿವಿಸಿ ಹಾಳೆ ಕೈಗೆ ಬೆಚ್ಚಗಿತ್ತು, ಆದರೆ ಎಲ್ಲಿ ಮುಟ್ಟಿದರೂ ಒಂದೇ. ನನ್ನ ಮೇಲೆ ಕೈಯಿಟ್ಟಾಗ ಅವಳ ಬೆರಳು ಗೆರೆಯೊಳಗೆ ಇಳಿದು, ಅದರ ಗುಂಟ ನಡೆಯಿತು. ಕಣ್ಣಿನ ಸೆರಗು ಬಿಚ್ಚಿ ನನ್ನನ್ನು ಎತ್ತಿಕೊಂಡಳು.

"ಇದ ಇರಲಿ" ಎಂದಳು.

"ಸಂದ್ಯಾಗ ಹೊಲಸು ಕುಂಡ್ರತೈತಿ" ಎಂದಳು ದಾನಮ್ಮ.

"ನಾ ತಿಕ್ಕತೀನಿ."

"ಮತ್ತ ನಿನ್ನ ಮೋಡ?"

ಕಸ್ತೂರಿ ಬಿಳಿ ಟೈಲನ್ನು ಚೀಲಕ್ಕೆ ಹಾಕತೊಡಗಿದಳು. ದಾನಮ್ಮ ಯೋಚಿಸಿ, "ಆ ಕಿಡಕಿ ಕಡೆ ಗ್ವಾಡಿಗೆ ನಳ ಇಲ್ಲ, ಏನೂ ಇಲ್ಲ. ಅದಕ್ಕ ಬಿಳೀದ ಹಚ್ಚಸು. ಹಸರು ಮುಗದು ಬಿಳೀದು ಚಾಲೂ ಆದ್ರ ಅಲ್ಲಿ ಮೂಲಿ ಅಂತ ನನಗೂ ತಿಳೀತೈತಿ" ಎಂದಳು.

ಗೌಂಡಿ ಮಾಬುಸಾಬ ಹಳೆಯ ಗೋಡೆ ಕಿತ್ತು, ನೀರು ಹಿಡಿಯದಂಥ ಲೇಪ ಬಳಿದು, ನನ್ನ ಬಳಗವನ್ನು ಗೆರೆ ನಿಂತಿರುವಂತೆ ಕೂಡಿಸುತ್ತ ಬಂದ. ಸೊಂಟದ ಎತ್ತರಕ್ಕೆ ಬಂದಾಗ ಕಸ್ತೂರಿ ತಡೆದಳು.

"ಇಲ್ಲಿ ಒಂದು ಸಾಲು ಅಡ್ಡ ಹಚ್ಚು ಮಾಬಣ್ಣ. ಬಾಗಲದಿಂದ ಹೊಸಾ ಶವರ್ ತನಕ."

"ಡಿಸೈನ್ ಕೆಡತೈತ್ರಿ ಅಕ್ಕಾರ. ನೋಡಿದವರು ನನಗ ಬೈತಾರ."

"ನೋಡಾಕಲ್ಲ ಅದು. ಹಚ್ಚು."

ಹೊಸ ಬಚ್ಚಲಿನ ಮೊದಲ ದಿನ ದಾನಮ್ಮ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಳು. ಕಸ್ತೂರಿ ಹೊರಗೇ ಉಳಿದಳು, ಒಳಗೆ ಬರಲಿಲ್ಲ. ಆಮೇಲೆ ಒಂದು ಕೈ ಗೋಡೆ ಮುಟ್ಟಿತು, ಅಡ್ಡಗೆರೆ ಹಿಡಿಯಿತು, ನಿಧಾನಕ್ಕೆ ನಡೆಯಿತು. ನೀರು ಬಿದ್ದ ಸದ್ದು ಕೇಳಿದ ಮೇಲೆಯೇ ಕಸ್ತೂರಿ ಒಲೆಯ ಕಡೆ ಹೋದಳು.

ಮೂಲೆ ಒಡೆದ ನನ್ನನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ, ತಲೆಯ ಮೇಲೊಂದು ಡಬ್ಬಿ ಹೊತ್ತು ಕೂತಿದ್ದೇನೆ. ವರ್ಷಗಳು ಕಳೆದಿವೆ. ನನ್ನ ಹಸಿರು ಮಾಸಿದೆ. ದಾನಮ್ಮನಿಗೆ ಈಗ ಹಸಿರು ಬಿಳಿ ಎರಡೂ ಒಂದೇ. ಆದರೂ ದಿನಾ ಬೆಳಗ್ಗೆ ಒಬ್ಬಳೇ ಬರುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಜನ ಗೋಡೆಯನ್ನು ಕಣ್ಣಿನಿಂದ ಆರಿಸಿ ಮೈಯಿಂದ ಬಾಳುವುದೇಕೋ, ನನಗೆ ಇನ್ನೂ ಅರ್ಥವಾಗಿಲ್ಲ. ಆದರೆ ಬಾಥರೂಮ್ ಎಂದರೇನೆಂದು ಕೊಂಚ ತಿಳಿದಿದೆ.

ಹೊಸ ಬಚ್ಚಲೇ ಬೇಡ ಎನ್ನುತ್ತಿದ್ದವಳು ಇಂದೂ ಶವರಿನ ಕೆಳಗಿಂದ ಕದಲುತ್ತಿಲ್ಲ. ಹೊರಗೆ ಕಸ್ತೂರಿ ಬಾಗಿಲು ಬಡಿಯುತ್ತಿದ್ದಾಳೆ.

"ಅಕ್ಕಾ, ಟಾಕಿ ನೀರು ಖಾಲಿ ಆತು! ಒಲಿ ಹಚ್ಚೀನಿ, ಹಿಟ್ಟು ನಾದಾವರು ಯಾರು?"

"ನೀನ ನಾದು!" ಎನ್ನುತ್ತ ದಾನಮ್ಮ ನಳವನ್ನು ಇನ್ನಷ್ಟು ತಿರುಗಿಸುತ್ತಾಳೆ.