ಫೋನಿನೊಳಗಿನ ಗಿಳಿಹಸಿರು

ಕೊಟ್ಟೂರಿನ ಅಮರೇಶನ ಪ್ರೆಸ್ಸಿನಲ್ಲಿ ತಸ್ಲೀಮ್ ಎಂಟು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳು. ಬಣ್ಣದ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾರದ್ದೇ ತಪ್ಪಾಯಿತು.

ಹಗರಿಬೊಮ್ಮನಹಳ್ಳಿಯ ಬಳೆ ವ್ಯಾಪಾರಿ ಕೋಮಲಾ ತನ್ನ ಹಳೆಯ ಬಳೆ ಡಬ್ಬಿ ತಂದಿದ್ದಳು. ಗಿಳಿಹಸಿರು ಡಬ್ಬಿ, ಅದಕ್ಕೆಂದೇ ಬೇರೆ ಮಸಿ ಕಲಸಿ ಅಚ್ಚು ಹಾಕಿದ್ದ ಬಣ್ಣ. ಈಗ ಅದರ ಮೇಲೆ ಬಳೆಗಳ ಫೋಟೊ ಬೇಕು, ಹಸಿರೂ ಅದೇ ಇರಬೇಕು. ಫೋಟೊ ಅಂದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಮಸಿಯ ಕೆಲಸ, ಆ ನಾಲ್ಕರಲ್ಲಿ ಅಂಥ ಹಸಿರು ಹುಟ್ಟುವುದಿಲ್ಲ. ಐದನೆಯ ಮಸಿ ಹಾಕೋಣವೆಂದರೆ, ಖರ್ಚು ಕೇಳಿದ ಕೋಮಲಾ ಒಲ್ಲೆ ಎಂದಳು.

“ಈ ಆರ್ಡರ್ ಹೋದ್ರ ನಿನ್ನ ಕುರ್ಚೀನೂ ಹೋತು,” ಎಂದ ಅಮರೇಶ.

ತಸ್ಲೀಮ್ ಎರಡು ದಿನ ಒದ್ದಾಡಿದಳು. ಕಂಪ್ಯೂಟರಿನಲ್ಲಿ ಮಸಿಗಳ ಪ್ರಮಾಣದ ಅಂಕಿ ತಿದ್ದುವುದು, ಅಚ್ಚಿನ ಹಾಳೆ ತೆಗೆಯುವುದು, ಬಾಗಿಲಾಚೆ ಬಿಸಿಲಲ್ಲಿ ಹಳೆ ಡಬ್ಬಿಯ ಪಕ್ಕ ಹಿಡಿದು ನೋಡುವುದು. ಆದಷ್ಟು ಹತ್ತಿರ ಬಂದ ಹಸಿರನ್ನು, ಕಾಗದದ ಮೇಲೆ ಹೇಗೆ ಬೀಳುತ್ತದೋ ಹಾಗೆಯೇ ಪರದೆಗೂ ಹೊಂದಿಸಿ, ಕೋಮಲಾಳ ಫೋನಿಗೆ ಕಳಿಸಿದಳು.

ಕೋಮಲಾ ಕೂಡಲೇ ಫೋನ್ ಮಾಡಿದಳು. “ಅಯ್ಯ, ಬಾಡಿದ ಸೊಪ್ಪಿನಂಗ ಐತಲ್ಲವಾ!”

“ಅಕ್ಕಾರ, ಫೋನಿನಾಗ ಬೆಳಕಿರ್ತೈತ್ರಿ, ಎಂಥಾ ಹಸಿರಾದ್ರೂ ತೋರಸ್ತೈತಿ. ಕಾಗದಕ್ಕ ಆ ಬೆಳಕಿಲ್ಲರಿ. ಅಚ್ಚಿನಾಗ ಆಗೂದನ್ನ ತೋರ್ಸೀನಿ.”

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆರ್ಡರ್ ಹಡಗಲಿ ಕಡೆಯ ಪ್ರೆಸ್ಸೊಂದಕ್ಕೆ ಹೋಯಿತು. ಅವರು ಫೋನಿಗೆ ಕಣ್ಣು ಕುಕ್ಕುವ ಗಿಳಿಹಸಿರು ಕಳಿಸಿದ್ದರು. ಅಮರೇಶ ತಸ್ಲೀಮಳನ್ನು ಹಿಂದಿನ ಕೋಣೆಯಲ್ಲಿ ಡಬ್ಬಿಗಳಿಗೆ ಅಂಟು ಹಚ್ಚಲು ಕೂರಿಸಿದ.

ಎರಡು ತಿಂಗಳಾದ ಮೇಲೆ ಕೋಮಲಾ ಬಿಲ್ ಬುಕ್ ಮಾಡಿಸಲು ಬಂದಳು, ಕೈಯಲ್ಲಿ ಹಡಗಲಿ ಕಡೆ ಅಚ್ಚಾದ ಹೊಸ ಡಬ್ಬಿ. ತಸ್ಲೀಮ್ ಅಂಟಿನ ಕೈ ಒರೆಸಿಕೊಂಡು ಓಡಿ ಬಂದು ನೋಡಿದಳು. ತಾನು ಕಳಿಸಿದ್ದ ಹಸಿರೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಡಬ್ಬಿಯನ್ನು ಕೋಮಲಾಳ ಮುಂದೆ ಹಿಡಿದಳು.

“ಅಕ್ಕಾರ, ನಾ ತೋರ್ಸಿದ್ದೂ ಇದ ಹಸಿರು ಅಲ್ಲೇನ್ರಿ?”

“ಇರಬೌದವಾ. ಆದ್ರ ಅವ್ರು ಮೊದಲ ಚಂದ ತೋರ್ಸಿದ್ರು ನೋಡು.”

ಮರುವಾರ ಕಂಪ್ಯೂಟರ್ ಮುಂದೆ ತಸ್ಲೀಮಳ ಜಾಗಕ್ಕೆ ಬಂದಿದ್ದವನು ಕೆಲಸ ಬಿಟ್ಟ, ಅಮರೇಶ ಅವಳನ್ನೇ ಮತ್ತೆ ಕರೆದ. ಊದುಬತ್ತಿ ಡಬ್ಬಿ, ಗಿರಾಕಿಗೆ ಉರಿಯುವಂಥ ಕೇಸರಿ ಬೇಕು. ನಾಲ್ಕು ಮಸಿಯಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆಂದು ತಸ್ಲೀಮಳಿಗೆ ಗೊತ್ತಿತ್ತು. ಏನೂ ಹೇಳದೆ, ಪರದೆಯ ಕೇಸರಿಯನ್ನು ಇನ್ನಷ್ಟು ಏರಿಸಿ ಕಳಿಸಿದಳು. ಚಹಾ ಆರುವ ಮೊದಲೇ ಗಿರಾಕಿ ಒಪ್ಪಿದ.

ಎಂಟು ವರ್ಷದಲ್ಲಿ ಮೊದಲ ಸಲ ಅಮರೇಶ ಅವಳನ್ನು ಹೊಗಳಿದ: “ಈಗ ಕೆಲಸ ಕಲತಿ ನೋಡವಾ.”